ಐದೂವರೆ ಮೀಟರ್ ರಸ್ತೆಯಲ್ಲಿ ಬಸ್ಸೂ ಸೈಕಲ್ಲೂ

(ಬಸ್, ಲಾರಿ, ಟ್ರ್ಯಾಕ್ಟರ್ ಚಾಲಕರು ಮತ್ತು ಸೈಕಲ್ಲಿನಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳ ತಂದೆತಾಯಂದಿರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಇಲ್ಲಿ ಕೂತವರಲ್ಲಿ ಅರ್ಧ ಜನ ಸ್ಟೀರಿಂಗ್ ಹಿಡಿಯುವವರು. ಇನ್ನರ್ಧ ಹ್ಯಾಂಡಲ್ ಹಿಡಿಯುವವರು, ಇಲ್ಲವೇ ಹ್ಯಾಂಡಲ್ ಹಿಡಿದ ಮಕ್ಕಳನ್ನು ಬೆಳಿಗ್ಗೆ ರಸ್ತೆಗೆ ಕಳಿಸಿ ಸಂಜೆಯವರೆಗೆ ದಾರಿ ಕಾಯುವವರು. ನಿಮ್ಮನ್ನು ಒಟ್ಟಿಗೆ ಕೂರಿಸಿದ್ದಕ್ಕೆ ಕಾರಣವಿದೆ. ಬೇರೆಬೇರೆ ಕೂರಿಸಿದರೆ ಚಾಲಕರು "ಸೈಕಲ್ಲಿನವರು ಅಡ್ಡ ಬರ್ತಾರೆ" ಅನ್ನುತ್ತಾರೆ, ಸೈಕಲ್ಲಿನವರು "ಬಸ್ಸಿನವರು ಮೈಮೇಲೇ ಬರ್ತಾರೆ" ಅನ್ನುತ್ತಾರೆ. ಎರಡೂ ನಿಜ. ಆದರೆ ಅವರು ಯಾಕೆ ಅಡ್ಡ ಬಂದರು, ಇವರು ಯಾಕೆ ಮೈಮೇಲೆ ಬಂದರು ಎಂಬುದು ಮಾತ್ರ ಚರ್ಚೆಗೇ ಬರುವುದಿಲ್ಲ. ಚಾಲಕನ ಸೀಟಿನಿಂದ ಏನೇನು ಕಾಣುವುದಿಲ್ಲ ಎಂದು ಸೈಕಲ್ಲಿನವರಿಗೆ ಗೊತ್ತಿರಬೇಕು. ಸೈಕಲ್ ಮೇಲೆ ಕೂತವರ ಕೈಲಿ ಏನೇನು ಆಗುವುದಿಲ್ಲ ಎಂದು ಚಾಲಕರಿಗೆ ಗೊತ್ತಿರಬೇಕು. ಇವತ್ತು ಹೇಳುವುದೆಲ್ಲ ಇವೆರಡರ ಸುತ್ತಲೇ.

ಹೊಣೆ ಇಬ್ಬರದೂ ಹೌದು, ಪಾಲು ಮಾತ್ರ ಸಮವಲ್ಲ. ಜನ ತುಂಬಿದ ಬಸ್ಸು ಸುಮಾರು 15 ಟನ್ ತೂಗುತ್ತದೆ. ಸೈಕಲ್ಲೂ ಸವಾರರೂ ಸೇರಿದರೆ 80 ಕೆಜಿ. ಬಸ್ಸು ಗಂಟೆಗೆ 50 ಕಿ.ಮೀ. ವೇಗದಲ್ಲಿ, ಸೈಕಲ್ಲು 15 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ತೂಕಕ್ಕೆ ವೇಗದ ವರ್ಗ ಗುಣಿಸಿ ನೋಡಿದರೆ ಬಸ್ಸಿನ ಚಲನಶಕ್ತಿ ಸೈಕಲ್ಲಿನದಕ್ಕಿಂತ ಎರಡು ಸಾವಿರ ಪಟ್ಟು ಹೆಚ್ಚು. ತಪ್ಪು ಯಾರದೇ ಇರಲಿ, ಪೆಟ್ಟು ತಿನ್ನುವುದು ಒಂದೇ ಕಡೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎನ್ನುತ್ತದೆ ಕೇಂದ್ರ ಹೆದ್ದಾರಿ ಸಚಿವಾಲಯದ ವರದಿ. ಐವರಲ್ಲಿ ಮೂವರಿಗಿಂತ ಹೆಚ್ಚು ಮಂದಿ ದ್ವಿಚಕ್ರ ವಾಹನದವರು ಇಲ್ಲವೇ ನಡೆದು ಹೋಗುತ್ತಿದ್ದವರು. ಸುತ್ತಲೂ ತಗಡಿನ ಮರೆ ಇಲ್ಲದವರೇ ಹೆಚ್ಚು ಸಾಯುತ್ತಾರೆ. ನಮ್ಮ ಹಾಗೆಯೇ ಎಡಬದಿಯಲ್ಲಿ ವಾಹನ ಓಡಿಸುವ ಬ್ರಿಟನ್ 2022ರ ಜನವರಿಯಲ್ಲಿ ತನ್ನ ರಸ್ತೆ ನಿಯಮದ ಪುಸ್ತಕ ತಿದ್ದಿದಾಗ ಈ ಮಾತನ್ನೇ ಮೊದಲ ಸಾಲಿಗೆ ತಂದಿತು: ಹೆಚ್ಚು ಹಾನಿ ಮಾಡಬಲ್ಲ ವಾಹನ ಯಾರ ಕೈಯಲ್ಲಿದೆಯೋ ಅವರ ಹೊಣೆ ಹೆಚ್ಚು. ಹಾಗೆಂದು ಉಳಿದವರ ಹೊಣೆ ತಪ್ಪಿತು ಎಂದಲ್ಲ ಎಂದೂ ಅಲ್ಲೇ ಬರೆದಿದೆ.

ಎಂಟು ಸೆಕೆಂಡು

ನಮ್ಮ ಹಳ್ಳಿ, ತಾಲ್ಲೂಕು, ಜಿಲ್ಲಾ ರಸ್ತೆಗಳಲ್ಲಿ ಡಾಂಬರಿನ ಅಗಲ ಹೆಚ್ಚುಕಡಿಮೆ ಮೂರು ಅಳತೆಯದು: 3.75 ಮೀಟರ್, 5.5 ಮೀಟರ್, 7 ಮೀಟರ್. ನಡುವಿನ ಐದೂವರೆ ಮೀಟರಿನ ರಸ್ತೆಯನ್ನೇ ತೆಗೆದುಕೊಳ್ಳೋಣ. ಬಸ್ಸಿನ ಮೈ ಎರಡೂವರೆ ಮೀಟರಿಗೆ ಸ್ವಲ್ಪ ಹೆಚ್ಚು. ಎರಡೂ ಬದಿಯ ಕನ್ನಡಿ ಸೇರಿಸಿದರೆ ಹತ್ತಿರಹತ್ತಿರ ಮೂರು ಮೀಟರ್. ಸೈಕಲ್ಲು ಡಾಂಬರಿನ ಅಂಚಿನಿಂದ ಮುಕ್ಕಾಲು ಮೀಟರ್ ಒಳಗೆ ಹೋಗುತ್ತಿದ್ದರೆ ಹ್ಯಾಂಡಲ್ಲಿನ ಬಲತುದಿ ಅಂಚಿನಿಂದ ಒಂದು ಮೀಟರಿಗೆ ಬರುತ್ತದೆ. ಆ ತುದಿಗೂ ಬಸ್ಸಿನ ಎಡಗನ್ನಡಿಗೂ ನಡುವೆ ಒಂದೂವರೆ ಮೀಟರ್ ಬಿಡಬೇಕು. ಎಲ್ಲ ಕೂಡಿದರೆ ಐದೂವರೆ. ಅಂದರೆ ಸೈಕಲ್ಲನ್ನು ಸರಿಯಾಗಿ ಓವರ್‌ಟೇಕ್ ಮಾಡುವ ಬಸ್ಸಿಗೆ ಇಡೀ ರಸ್ತೆ ಬೇಕು. ಎದುರಿನಿಂದ ಏನು ಬರುತ್ತಿದ್ದರೂ, ಬೈಕೇ ಆದರೂ, ಹಾಯ್ದು ಹೋಗಲು ಜಾಗವಿಲ್ಲ. ಏಳು ಮೀಟರಿನ ರಸ್ತೆಯಲ್ಲೂ ಎದುರಿನವರಿಗೆ ಉಳಿಯುವುದು ಒಂದೂವರೆ ಮೀಟರ್, ಬೈಕಿಗೂ ಇಕ್ಕಟ್ಟು.

ಹಾಗಾದರೆ ಮಾಡುವುದೇನು? ಸೈಕಲ್ಲಿನ ಹಿಂದೆ ನಿಧಾನಿಸುವುದು. ಇದರಿಂದ ಎಷ್ಟು ಹೊತ್ತು ಹೋಗುತ್ತದೆ ಎಂದು ಲೆಕ್ಕ ಹಾಕಿದವರು ಕಡಿಮೆ. ಎದುರಿನ ವಾಹನ 200 ಮೀಟರ್ ದೂರದಲ್ಲಿದೆ, ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುತ್ತಿದೆ, ನೀವು ಸೈಕಲ್ಲಿನ ವೇಗಕ್ಕೆ, ಅಂದರೆ 15ಕ್ಕೆ ಇಳಿದಿದ್ದೀರಿ. ಅದು ನಿಮ್ಮನ್ನು ದಾಟಲು 11 ಸೆಕೆಂಡು. ಅಷ್ಟರಲ್ಲಿ ನೀವು 50ರಲ್ಲಿ ಹೋಗಿದ್ದರೆ ಇನ್ನೊಂದು ನೂರು ಮೀಟರ್ ಮುಂದೆ ಇರುತ್ತಿದ್ದಿರಿ. ನೂರು ಮೀಟರ್ ಅಂದರೆ ನಿಮ್ಮ ವೇಗದಲ್ಲಿ ಏಳೆಂಟು ಸೆಕೆಂಡು. ಒಂದು ಸೈಕಲ್ಲಿಗೆ ಎಂಟು ಸೆಕೆಂಡು. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಪ್ರಯಾಣಿಕ ಚಿಲ್ಲರೆ ಹುಡುಕಲು ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾನೆ.

ಒಂದೂವರೆ ಮೀಟರ್ ಯಾಕೆ, ಅರ್ಧ ಮೀಟರ್ ಸಾಲದೇ ಎಂದು ಚಾಲಕರು ಕೇಳುತ್ತಾರೆ. ಸೈಕಲ್ಲು ನೆಟ್ಟಗೆ ಗೆರೆ ಎಳೆದ ಹಾಗೆ ಹೋಗುವ ವಾಹನವಲ್ಲ. ಅದು ಬೀಳದೆ ನಿಲ್ಲುವುದೇ ಹ್ಯಾಂಡಲ್ಲನ್ನು ಸದಾ ಆಚೆಈಚೆ ಸ್ವಲ್ಪಸ್ವಲ್ಪ ತಿರುಗಿಸುತ್ತಾ ಇರುವುದರಿಂದ. ಏರಿನಲ್ಲಿ ನಿಂತು ತುಳಿಯುವಾಗ, ಕ್ಯಾರಿಯರ್ ಮೇಲೆ ಭಾರ ಇದ್ದಾಗ ಈ ಓಲಾಟ ಇನ್ನೂ ಹೆಚ್ಚು. ಗುಂಡಿ ಎದುರಾದರೆ ತಪ್ಪಿಸಲು ಅರ್ಧ ಮೀಟರ್ ಬಲಕ್ಕೆ ಬರಲೇಬೇಕು, ಇಲ್ಲದಿದ್ದರೆ ಬೀಳುವುದು ನಿಮ್ಮ ಚಕ್ರದ ಕೆಳಗೇ. ಸೈಕಲ್ಲಿನ ಮುಂದಿನ ಗುಂಡಿ ಬಸ್ಸಿನ ಸೀಟಿನಲ್ಲಿ ಕೂತವರಿಗೆ ಕಾಣುತ್ತದೆ. ಅದನ್ನು ನೋಡಿದ ಕ್ಷಣವೇ "ಈಗ ಇವನು ಬಲಕ್ಕೆ ಬರುತ್ತಾನೆ" ಎಂದು ಮನಸ್ಸಿಗೆ ಬರಬೇಕು. ಅದರ ಮೇಲೆ ಗಾಳಿ. 60ರಲ್ಲಿ ಹೋಗುವ ಬಸ್ಸಿನ ಮೂತಿ ಗಾಳಿಯನ್ನು ಹೊರಕ್ಕೆ ತಳ್ಳುತ್ತದೆ, ಬಾಲ ಒಳಕ್ಕೆ ಎಳೆಯುತ್ತದೆ. ಮೊದಲು ಎಡಕ್ಕೆ ನೂಕಿಸಿಕೊಂಡ ಹುಡುಗಿ ಸಾವರಿಸಿಕೊಳ್ಳಲು ಹ್ಯಾಂಡಲ್ಲು ಬಲಕ್ಕೆ ತಿರುಗಿಸುವ ಹೊತ್ತಿಗೆ ಸರಿಯಾಗಿ ಬಸ್ಸಿನ ಹಿಂಚಕ್ರ ಪಕ್ಕದಲ್ಲಿರುತ್ತದೆ.

ಹಾರ್ನಿನ ವಿಷಯವೂ ಹೀಗೆಯೇ. ಸೈಕಲ್ಲಿನ ಬೆನ್ನಿಗೇ ಹೋಗಿ ಉದ್ದಕ್ಕೆ ಹಾರ್ನ್ ಒತ್ತಿದರೆ ಮಗು ಬೆಚ್ಚಿ ಬಲಕ್ಕೆ ತಿರುಗಿ ನೋಡುತ್ತದೆ. ತಲೆ ಬಲಕ್ಕೆ ತಿರುಗಿದರೆ ಬಲಭುಜ ಹಿಂದೆ ಹೋಗುತ್ತದೆ, ಹ್ಯಾಂಡಲ್ಲೂ ಬಲಕ್ಕೆ ಎಳೆಯುತ್ತದೆ. ಹಾರ್ನ್ ಹೊಡೆದೂ ಅಡ್ಡ ಬಂದರು ಎಂಬ ದೂರಿನಲ್ಲಿ ಬಹಳಷ್ಟು ಸಲ ಹಾರ್ನ್ ಹೊಡೆದದ್ದಕ್ಕೇ ಅಡ್ಡ ಬಂದಿರುತ್ತಾರೆ. ಐವತ್ತು ಅರವತ್ತು ಮೀಟರ್ ಹಿಂದೆ ಇರುವಾಗಲೇ ಒಂದು ಚಿಕ್ಕ ಹಾರ್ನ್ ಸಾಕು. ಹತ್ತಿರ ಬಂದ ಮೇಲೆ ಕೈ ಹಾರ್ನಿನ ಮೇಲಲ್ಲ, ಕಾಲು ಬ್ರೇಕಿನ ಮೇಲಿರಲಿ.

ದಾಟಿದ ಮೇಲೆ ಕಟ್ ಹೊಡೆಯುವುದು ಇನ್ನೊಂದು. ಬಸ್ಸು 12 ಮೀಟರ್ ಉದ್ದ. ಚಾಲಕನ ಸೀಟು ಸೈಕಲ್ಲನ್ನು ದಾಟಿದಾಗ ಬಸ್ಸಿನ ಮುಕ್ಕಾಲು ಭಾಗ ಇನ್ನೂ ದಾಟಬೇಕಿದೆ. ಎಡಗನ್ನಡಿಯಲ್ಲಿ ಸೈಕಲ್ಲಿನ ಮುಂಚಕ್ರವೂ ಅದರ ಮುಂದಿನ ಒಂದಷ್ಟು ರಸ್ತೆಯೂ ಕಾಣಿಸುವವರೆಗೆ ಎಡಕ್ಕೆ ಬರಬಾರದು. ನೂರು ಮೀಟರ್ ಒಳಗೆ ನಿಮ್ಮ ಸ್ಟಾಪ್ ಇದ್ದರೆ ದಾಟಲೇಬೇಡಿ. ಸೈಕಲ್ಲನ್ನು ದಾಟಿ, ಎಡಕ್ಕೆ ಕತ್ತರಿಸಿ, ಅದರ ಮುಂದೆಯೇ ನಿಲ್ಲಿಸಿ, ಬಾಗಿಲಿನಿಂದ ಜನ ಇಳಿಯಲು ಶುರುವಾದರೆ ಆ ಸವಾರನಿಗೆ ಎಲ್ಲೂ ದಾರಿಯಿಲ್ಲ.

ಅಂಚಿನಲ್ಲೇ ಹೋಗು ಎನ್ನಬೇಡಿ

ಈಗ ತಂದೆತಾಯಂದಿರ ಕಡೆಗೆ. "ಅಂಚಿನಲ್ಲೇ ಹೋಗು ಮಗಾ" ಎಂದು ನಾವು ಪ್ರೀತಿಯಿಂದ ಹೇಳಿ ಕಳಿಸುತ್ತೇವೆ. ಅದು ಒಳ್ಳೆಯ ಬುದ್ಧಿಮಾತಲ್ಲ. ಡಾಂಬರಿನ ತೀರಾ ಅಂಚು ಒಡೆದಿರುತ್ತದೆ, ಅದರ ಪಕ್ಕದ ಮಣ್ಣು ಮಳೆಗೆ ಕೊಚ್ಚಿ ಹೋಗಿ ಐದು ಹತ್ತು ಸೆಂಟಿಮೀಟರ್ ಕೆಳಗೆ ಇಳಿದಿರುತ್ತದೆ. ಚಕ್ರ ಒಮ್ಮೆ ಕೆಳಗೆ ಜಾರಿತೆಂದರೆ ಮಕ್ಕಳು ಗಾಬರಿಯಲ್ಲಿ ಹ್ಯಾಂಡಲ್ಲನ್ನು ಸ್ವಲ್ಪವೇ ಬಲಕ್ಕೆ ತಿರುಗಿಸಿ ಮೇಲೆ ಹತ್ತಲು ನೋಡುತ್ತಾರೆ. ಟೈರಿನ ಪಕ್ಕ ಡಾಂಬರಿನ ಅಂಚಿಗೆ ಉಜ್ಜುತ್ತದೆ, ಹತ್ತುವುದಿಲ್ಲ, ಸೈಕಲ್ಲು ಅಲ್ಲೇ ನಿಲ್ಲುತ್ತದೆ, ಮೈ ಮಾತ್ರ ರಸ್ತೆಯ ಒಳಕ್ಕೆ ಬೀಳುತ್ತದೆ. ಹಿಂದೆ ವಾಹನವಿದ್ದರೆ ಅಲ್ಲಿಗೆ ಮುಗಿಯಿತು. ಚಕ್ರ ಇಳಿದರೆ ಮೇಲೆ ಹತ್ತುವ ಆತುರ ಬೇಡ. ಮಣ್ಣಿನಲ್ಲೇ ನೆಟ್ಟಗೆ ಹೋಗುತ್ತಾ ನಿಧಾನಿಸಿ, ಇಳಿದು, ಹಿಂದೆ ನೋಡಿ, ಸೈಕಲ್ಲನ್ನು ಎತ್ತಿ ಡಾಂಬರಿಗೆ ಇಡಬೇಕು. ಇದನ್ನು ಮನೆಯ ಹತ್ತಿರದ ರಸ್ತೆಯಲ್ಲಿ ಒಮ್ಮೆ ಮಾಡಿ ತೋರಿಸಿ, ಬಾಯಿಮಾತು ಸಾಲದು.

ಅಂಚಿನಿಂದ ಮುಕ್ಕಾಲು ಮೀಟರ್ ಒಳಗೆ, ನೆಟ್ಟಗೆ ಹೋಗುವ ಸವಾರ ಹಿಂದಿನವರಿಗೆ ಬೇಗ ಕಾಣುತ್ತಾನೆ, ಗುಂಡಿ ತಪ್ಪಿಸಲು ಎರಡೂ ಕಡೆ ಜಾಗ ಉಳಿಸಿಕೊಂಡಿರುತ್ತಾನೆ. 3.75 ಮೀಟರಿನ ಕಿರಿದಾದ ರಸ್ತೆಯಲ್ಲಿ ಮಾತ್ರ ಬೇರೆ ಮಾತು. ಅಲ್ಲಿ ಬಸ್ಸು ಬಂದರೆ ಸೈಕಲ್ಲು ಡಾಂಬರು ಬಿಟ್ಟು ಇಳಿಯದೆ ಗತ್ಯಂತರವಿಲ್ಲ. ಇಳಿಯಲು ಗಟ್ಟಿ ಜಾಗ ಸಿಗುವವರೆಗೆ ಹಿಂದೆ ನಿಧಾನವಾಗಿ ಬರುವುದು ಚಾಲಕನ ಪಾಲು, ಸಿಕ್ಕ ಮೊದಲ ಜಾಗದಲ್ಲೇ ಇಳಿದು ದಾರಿ ಬಿಡುವುದು ಸವಾರನ ಪಾಲು.

ಬಲಕ್ಕೆ ತಿರುಗುವುದನ್ನು ಮಕ್ಕಳಿಗೆ ಪ್ರತ್ಯೇಕವಾಗಿ ಕಲಿಸಬೇಕು, ಏಕೆಂದರೆ ಅವರು ಅಡ್ಡ ಬರುವುದು ಇಲ್ಲೇ. ತಿರುವಿಗೆ ಮೂವತ್ತು ನಲವತ್ತು ಮೀಟರ್ ಇರುವಾಗ ಒಮ್ಮೆ ಹಿಂದೆ ನೋಡು. ಬಲಗೈ ಭುಜದ ಮಟ್ಟಕ್ಕೆ ಚಾಚು. ಮತ್ತೊಮ್ಮೆ ಹಿಂದೆ ನೋಡು. ಹಿಂದಿನ ವಾಹನ ನಿಧಾನಿಸಿದೆ ಎಂದು ಕಂಡ ಮೇಲೆ ಮಾತ್ರ ಬಲಕ್ಕೆ ಸರಿ. ಎರಡನೆಯ ನೋಟವೇ ಜೀವ ಉಳಿಸುವುದು, ಎಲ್ಲರೂ ಬಿಡುವುದೂ ಅದನ್ನೇ. ಹಿಂದೆ ತಿರುಗಿ ನೋಡಿದರೂ ಚಕ್ರ ನೆಟ್ಟಗೇ ಹೋಗಬೇಕಲ್ಲ, ಅದಕ್ಕೆ ಅಭ್ಯಾಸ ಬೇಕು. ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿಯಿಂದ ಇಪ್ಪತ್ತು ಮೀಟರ್ ಉದ್ದದ ಎರಡು ಗೆರೆ ಹಾಕಿ, ನಡುವೆ ಎರಡು ಗೇಣು ಅಂತರವಿರಲಿ. ಮಗು ಆ ಪಟ್ಟಿಯೊಳಗೆ ಸೈಕಲ್ ಓಡಿಸಲಿ, ನೀವು ಹಿಂದೆ ನಿಂತು ಎರಡೋ ಮೂರೋ ಬೆರಳು ಎತ್ತಿ "ಎಷ್ಟು?" ಅನ್ನಿ. ಬಲಭುಜದ ಮೇಲಿಂದ ನೋಡಿ, ಸರಿಯಾಗಿ ಹೇಳಿ, ಚಕ್ರ ಗೆರೆ ದಾಟದಿದ್ದರೆ ಆ ಮಗು ಹೆದ್ದಾರಿಗೆ ಸಿದ್ಧ. ದಾಟಿದರೆ ಅದು ರಸ್ತೆಯಲ್ಲಿ ಬಲಕ್ಕೆ ತಿರುಗಬಾರದು. ಎಡಕ್ಕೆ ನಿಂತು, ಇಳಿದು, ಎರಡೂ ಕಡೆ ನೋಡಿ, ಸೈಕಲ್ಲನ್ನು ತಳ್ಳಿಕೊಂಡೇ ದಾಟಬೇಕು. ಇದರಲ್ಲಿ ಅವಮಾನವೇನೂ ಇಲ್ಲ.

ಕಾಣದ ಜಾಗ

ಚಾಲಕನಿಗೆ ಏನು ಕಾಣುವುದಿಲ್ಲ ಎಂಬುದನ್ನು ಮಾತಿನಲ್ಲಿ ಹೇಳುವುದಕ್ಕಿಂತ ನೆಲದ ಮೇಲೆ ಬರೆದು ತೋರಿಸುವುದು ಸುಲಭ. ನಿಂತ ಲಾರಿಯ ಸೀಟಿನಲ್ಲಿ ಚಾಲಕ ಕೂರಲಿ. ಒಬ್ಬ ಹುಡುಗ ಸೈಕಲ್ ಹಿಡಿದು ಲಾರಿಯ ಮೂತಿಗೆ ತಾಗಿ ನಿಂತು ಒಂದೊಂದೇ ಹೆಜ್ಜೆ ಹಿಂದೆ ಸರಿಯಲಿ. ಚಾಲಕನಿಗೆ ಹ್ಯಾಂಡಲ್ಲು ಕಂಡ ಕೂಡಲೇ "ಹೂಂ" ಅನ್ನಬೇಕು, ಅಲ್ಲಿ ಸುಣ್ಣದ ಗುರುತು ಹಾಕಬೇಕು. ಹೀಗೆ ಎಡಬಾಗಿಲಿನ ಬದಿಯಿಂದ, ಎಡ ಹಿಂಚಕ್ರದ ಬದಿಯಿಂದ, ಹಿಂದಿನಿಂದ ಗುರುತು ಹಾಕುತ್ತಾ ಬಂದು ಎಲ್ಲವನ್ನೂ ಗೆರೆಯಿಂದ ಕೂಡಿಸಿ. ಗೆರೆಯ ಒಳಗೆ ಬಿದ್ದದ್ದು ಕುರುಡು ಜಾಗ. ಅದರಲ್ಲಿ ಎಡಬದಿಯ ಪಾಲು ಬಲಬದಿಯದಕ್ಕಿಂತ ಎಷ್ಟು ದೊಡ್ಡದು ಎಂದು ನೋಡಿದರೆ ಚಾಲಕರಿಗೇ ಆಶ್ಚರ್ಯವಾಗುತ್ತದೆ. ಆಮೇಲೆ ಮಕ್ಕಳನ್ನು ಸರದಿಯಲ್ಲಿ ಚಾಲಕನ ಸೀಟಿನಲ್ಲಿ ಕೂರಿಸಿ. ಗೆಳೆಯ ಎಡಬಾಗಿಲಿನ ಕೆಳಗೆ ಸೈಕಲ್ ಸಮೇತ ನಿಂತಿದ್ದೂ ಕನ್ನಡಿಯಲ್ಲಿ ಕಾಣದಿರುವುದನ್ನು ಕಂಡ ಮಗು ಅದನ್ನು ಮರೆಯುವುದಿಲ್ಲ. ರಸ್ತೆಯಲ್ಲಿ ನೆನಪಿಡಲು ಒಂದೇ ಗುರುತು ಸಾಕು: ಕನ್ನಡಿಯಲ್ಲಿ ಚಾಲಕನ ಮುಖ ನಿನಗೆ ಕಾಣದಿದ್ದರೆ, ನೀನೂ ಅವನಿಗೆ ಕಾಣುತ್ತಿಲ್ಲ.

ಈ ಎಡಬದಿಯಲ್ಲೇ ಇನ್ನೊಂದು ಅಪಾಯ ಕೂತಿದೆ. ಉದ್ದದ ವಾಹನ ಎಡಕ್ಕೆ ತಿರುಗುವಾಗ ಹಿಂಚಕ್ರ ಮುಂಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸುತ್ತದೆ. ಮುಂಚಕ್ರಕ್ಕೂ ಹಿಂಚಕ್ರಕ್ಕೂ ಆರು ಮೀಟರ್ ಅಂತರವಿರುವ ಬಸ್ಸು 12 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ ಹಿಂಚಕ್ರ ಸುಮಾರು 1.6 ಮೀಟರ್ ಒಳಗೆ ಬರುತ್ತದೆ. ಸೈಕಲ್ಲು ನಿಲ್ಲುವಷ್ಟು ಜಾಗ ಅಲ್ಲಿ ಮೊದಲು ಇರುತ್ತದೆ, ಎರಡು ಸೆಕೆಂಡಿನಲ್ಲಿ ಇರುವುದಿಲ್ಲ. ಸಿಗ್ನಲ್ಲಿನಲ್ಲಿ, ಸರ್ಕಲ್ಲಿನಲ್ಲಿ ನಿಂತ ಬಸ್ಸು ಲಾರಿಗಳ ಎಡಕ್ಕೆ ನುಸುಳಿ ಮುಂದೆ ಹೋಗುವ ಅಭ್ಯಾಸ ಸೈಕಲ್ಲಿನವರು ಬಿಡಲೇಬೇಕು. ಇಂಡಿಕೇಟರ್ ಹಾಕಿಲ್ಲ ಎಂಬುದನ್ನು ನಂಬಬೇಡಿ. ಒಂದೋ ಹಿಂದೆ ನಿಲ್ಲಿ, ಇಲ್ಲವೇ ನಾಲ್ಕೈದು ಮೀಟರ್ ಮುಂದೆ, ಚಾಲಕನ ಕಣ್ಣಿಗೆ ಬೀಳುವ ಹಾಗೆ. ಚಾಲಕರೇ, ನಿಮ್ಮ ಕಡೆಯಿಂದ ಆಗಬೇಕಾದದ್ದು: ತಿರುಗುವ ಮೊದಲು ಎಡಗನ್ನಡಿ, ತಿರುಗುತ್ತಾ ಇರುವಾಗ ಮತ್ತೊಮ್ಮೆ ಎಡಗನ್ನಡಿ. ಕ್ಲೀನರ್ ಇದ್ದರೆ ಅವನ ತಲೆ ಎಡ ಕಿಟಕಿಯ ಹೊರಗಿರಲಿ. ಸ್ಟಾಪಿನಲ್ಲಿ ಬಸ್ಸನ್ನು ಅಂಚಿಗೆ ತಾಗಿಸಿ ನಿಲ್ಲಿಸಿ. ಒಂದೂವರೆ ಮೀಟರ್ ಬಿಟ್ಟು ನಿಲ್ಲಿಸಿದರೆ ಆ ಸಂದಿಯೇ ಸೈಕಲ್ಲು ಬೈಕುಗಳನ್ನು ಒಳಗೆ ಕರೆಯುತ್ತದೆ.

ಕಬ್ಬು ಅರೆಯುವ ತಿಂಗಳುಗಳಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಡೆ ಒಂದೇ ಟ್ರ್ಯಾಕ್ಟರಿಗೆ ಎರಡು ಟ್ರೈಲರ್ ಕಟ್ಟುತ್ತಾರೆ. ತಿರುವಿನಲ್ಲಿ ಮೊದಲ ಟ್ರೈಲರಿಗಿಂತ ಎರಡನೆಯದು ಇನ್ನೂ ಒಳಗೆ ಬರುತ್ತದೆ. ಜಲ್ಲೆಗಳು ಎರಡೂ ಬದಿಗೆ ಚಾಚಿಕೊಂಡಿರುತ್ತವೆ, ಅವು ಕನ್ನಡಿಯನ್ನೂ ಮುಚ್ಚುತ್ತವೆ. ಹಾಗಾಗಿ ಟ್ರ್ಯಾಕ್ಟರಿನವನಿಗೆ ಹಿಂದೆ ಏನೇನೂ ಕಾಣದು, ಇಂಜಿನ್ನಿನ ಸದ್ದಿನಲ್ಲಿ ಬೆಲ್ಲೂ ಕೇಳದು. ಅವನ ಹಿಂದೆ ಸೈಕಲ್ ಹಿಡಿದು ಎಳೆಸಿಕೊಂಡು ಹೋಗುವುದಾಗಲಿ, ಜಲ್ಲೆ ಕೀಳುವುದಾಗಲಿ ಮಕ್ಕಳು ಮಾಡಕೂಡದು. ಎರಡು ಟ್ರೈಲರಿನ ನಡುವಿನ ಕೊಂಡಿ ಇರುವ ಸಂದಿಗೆ ಬಿದ್ದವರನ್ನು ಯಾರೂ ಉಳಿಸಲಾರರು. ಟ್ರ್ಯಾಕ್ಟರ್ ಮಾಲೀಕರು ಮಾಡಬೇಕಾದ್ದು ಎರಡು ಕೆಲಸ. ಹಿಂದಿನ ಟ್ರೈಲರಿನ ಬಾಗಿಲಿಗೂ ಬದಿಗಳಿಗೂ ರೇಡಿಯಂ ಪಟ್ಟಿ ಅಂಟಿಸಬೇಕು, ಜಲ್ಲೆ ಇಳಿಬಿದ್ದು ಅದನ್ನು ಮುಚ್ಚದಂತೆ ಕಟ್ಟಬೇಕು. ಕೆಟ್ಟು ನಿಂತಾಗ ಚಕ್ರಕ್ಕೆ ಒಡ್ಡಿದ ಕಲ್ಲುಗಳನ್ನು ಹೊರಡುವ ಮೊದಲು ಎತ್ತಿ ಬದಿಗೆ ಹಾಕಬೇಕು. ರಾತ್ರಿ ಆ ಕಲ್ಲಿಗೆ ಸೈಕಲ್ಲಿನ ಮುಂಚಕ್ರ ಬಡಿದರೆ ಸವಾರ ಹ್ಯಾಂಡಲ್ಲಿನ ಮೇಲಿಂದ ಹಾರಿ ತಲೆ ಮುಂದಾಗಿ ಬೀಳುತ್ತಾನೆ.

ರಸ್ತೆಯ ಮೇಲೆ ಒಕ್ಕಣೆ ಮಾಡುವ ರೈತರಿಗೂ ಇದೇ ಮಾತು. ರಾಗಿ, ಹುರುಳಿ ಹರಡಿದ ಜಾಗದಲ್ಲಿ ಸೈಕಲ್ ಟೈರಿಗೆ ಹಿಡಿತ ಸಿಗುವುದಿಲ್ಲ, ಕೆಳಗಿನ ಗುಂಡಿ ಕಾಣುವುದಿಲ್ಲ, ಎಲ್ಲರೂ ಉಳಿದ ಅರ್ಧ ರಸ್ತೆಗೆ ನುಗ್ಗುತ್ತಾರೆ. ಸುತ್ತ ಇಟ್ಟ ಕಲ್ಲು ಸಂಜೆ ಅಲ್ಲೇ ಉಳಿಯುತ್ತದೆ. ಕಣ ಮಾಡಿಕೊಳ್ಳಲು ಜಾಗವಿಲ್ಲದವರ ಕಷ್ಟ ನಿಜವೇ. ಊರಿಗೊಂದು ಸಿಮೆಂಟಿನ ಕಣ ಮಾಡಿಸಿಕೊಡಿ ಎಂದು ಪಂಚಾಯ್ತಿಯನ್ನು ಕೇಳುವುದು ರಸ್ತೆ ಸುರಕ್ಷತೆಯ ಕೆಲಸವೇ.

ಮುಸ್ಸಂಜೆ

ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರಿನ ಚಾಲಕ ಏನನ್ನೋ ಕಂಡು ಕಾಲನ್ನು ಬ್ರೇಕಿಗೆ ತರುವಷ್ಟರಲ್ಲಿ, ಅಂದರೆ ಒಂದೂವರೆ ಸೆಕೆಂಡಿನಲ್ಲಿ, ಕಾರು 21 ಮೀಟರ್ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದು ನಿಲ್ಲಲು ಇನ್ನು 14 ಮೀಟರ್. ಒಟ್ಟು 35. ವೇಗ 60 ಆದರೆ 45 ಮೀಟರ್. 30ಕ್ಕೆ ಇಳಿಸಿದರೆ 18 ಸಾಕು. ಮಳೆಯಲ್ಲಿ, ತುಂಬಿದ ಲಾರಿಯಲ್ಲಿ ಇದು ಇನ್ನೂ ಉದ್ದ. ಡಿಮ್ ಹಾಕಿದ ಹೆಡ್‌ಲೈಟು ಚೆನ್ನಾಗಿ ಬೆಳಗುವುದು ನಲವತ್ತು ಮೀಟರ್ ಆಸುಪಾಸು. ಕಡುನೀಲಿ ಯೂನಿಫಾರ್ಮು, ಕಪ್ಪು ಬ್ಯಾಗು ಹಾಕಿದ ಮಗು ಆ ಬೆಳಕಿನ ಕೊನೆಯಲ್ಲಿ ಕಂಡರೆ 60ರಲ್ಲಿ ಬರುವವರಿಗೆ ನಿಲ್ಲಲು ಆಗುವುದೇ ಇಲ್ಲ. ಎದುರು ವಾಹನದ ಬೆಳಕು ಕಣ್ಣಿಗೆ ಹೊಡೆಯುವಾಗ ಅದರ ಪಕ್ಕದ ಎಡಬದಿ ಪೂರ್ತಿ ಕತ್ತಲು. ಆಗ ವೇಗ ಇಳಿಸಿ, ಕಾಣದ ಜಾಗದಲ್ಲಿ ಯಾರೋ ಇದ್ದಾರೆ ಎಂದೇ ತಿಳಿಯಿರಿ. ಸೈಕಲ್ಲಿನವರು ತಾವಿರುವಲ್ಲೇ ಎರಡು ದೊಡ್ಡ ವಾಹನಗಳು ಎದುರುಬದುರಾಗುತ್ತಿವೆ ಎಂದು ಕಂಡರೆ ಡಾಂಬರು ಬಿಟ್ಟು ನಿಲ್ಲಲಿ.

ಕಾಣಿಸಿಕೊಳ್ಳಲು ಖರ್ಚು ಹೆಚ್ಚಿಲ್ಲ. ಹಿಂದೆ ಕೆಂಪು ಬ್ಯಾಟರಿ ದೀಪ, ಮುಂದೆ ಬಿಳಿ ದೀಪ. ಡೈನಮೋ ದೀಪ ಸೈಕಲ್ಲು ನಿಂತ ಕೂಡಲೇ ಆರುತ್ತದೆ, ಬಲಕ್ಕೆ ತಿರುಗಲು ನಡುರಸ್ತೆಯಲ್ಲಿ ನಿಂತಾಗಲೇ ಕತ್ತಲಾಗುತ್ತದೆ. ಆದ್ದರಿಂದ ಅದಿದ್ದರೂ ರೇಡಿಯಂ ಬೇಕು. ಎಲ್ಲಿ ಅಂಟಿಸಬೇಕು ಎನ್ನುವುದು ಮುಖ್ಯ. ಹಿಂದಿನ ಮಡ್‌ಗಾರ್ಡಿನ ಮೇಲೆ ಮಾತ್ರ ಇದ್ದರೆ ಹುಲ್ಲಿನ ಹೊರೆ ಕಟ್ಟಿದಾಗ, ಹಾಲಿನ ಕ್ಯಾನು ನೇತುಹಾಕಿದಾಗ ಅದು ಮುಚ್ಚಿಹೋಗುತ್ತದೆ. ಕ್ಯಾನಿನ ಹಿಂಬದಿಗೇ ಅಂಟಿಸಿ, ಹೊರೆಯ ಹಗ್ಗಕ್ಕೆ ಒಂದು ಪಟ್ಟಿ ಕಟ್ಟಿ. ಎಲ್ಲಕ್ಕಿಂತ ಒಳ್ಳೆಯದು ಪೆಡಲ್ಲು ಮತ್ತು ಸವಾರನ ಕಣಕಾಲು. ಅಲ್ಲಿನ ಹೊಳಪು ಮೇಲೆ ಕೆಳಗೆ ಆಡುತ್ತಿರುತ್ತದೆ. ನಿಂತ ಚುಕ್ಕಿ ಕಂಡರೆ ಮೈಲಿಗಲ್ಲೋ ಏನೋ ಅನ್ನಿಸಬಹುದು, ಆಡುವ ಎರಡು ಚುಕ್ಕಿ ಕಂಡರೆ ಮನುಷ್ಯನ ಕಾಲು ಎಂದು ಕಣ್ಣಿಗೆ ಆ ಕ್ಷಣವೇ ತಿಳಿಯುತ್ತದೆ. ಹೆಲ್ಮೆಟ್ ಹಾಕಿ, ಬೇಡ ಎನ್ನುವುದಿಲ್ಲ. ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ಕೂರಬೇಕು, ಗದ್ದದ ಪಟ್ಟಿ ಬಿಗಿಯಿರಬೇಕು. ಆದರೆ ಅದು ಬಿದ್ದಾಗ ತಲೆ ಕಾಯುತ್ತದೆ, ಲಾರಿಯ ಚಕ್ರಕ್ಕೆ ಉತ್ತರವಲ್ಲ. ಕೈಯಲ್ಲಿ ಇನ್ನೂರು ರೂಪಾಯಿ ಮಾತ್ರ ಇದ್ದರೆ ಮೊದಲು ಹಿಂದಿನ ದೀಪ ಮತ್ತು ರೇಡಿಯಂ ತನ್ನಿ.

ಎದುರಿನಿಂದ ಬರುವ ಸೈಕಲ್ಲು

2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರು, ಇಂಜಿನ್ ಇಲ್ಲದ ವಾಹನಗಳಿಗೆ ಪ್ರವೇಶವಿಲ್ಲ. ಎಲ್ಲವೂ ಸರ್ವಿಸ್ ರಸ್ತೆಗೆ ಬಂದವು. ಅಂಡರ್‌ಪಾಸ್ ದೂರವಿದ್ದರೆ ಜನ ಸುತ್ತಿ ಬರುವುದಿಲ್ಲ, ಅದೇ ಬದಿಯಲ್ಲಿ ಎದುರಾಗಿ ಬರುತ್ತಾರೆ. ಇದು ಯಾಕೆ ಕೊಲ್ಲುತ್ತದೆ ಎಂದರೆ, ಹಳ್ಳಿ ರಸ್ತೆಯಿಂದ ಬಂದು ಎಡಕ್ಕೆ ಸೇರಿಕೊಳ್ಳುವ ಚಾಲಕ ನೋಡುವುದು ಬಲಕ್ಕೆ ಮಾತ್ರ, ವಾಹನ ಬರುವುದು ಆ ಕಡೆಯಿಂದ ತಾನೇ. ತಪ್ಪು ದಿಕ್ಕಿನ ಸೈಕಲ್ಲು ಎಡದಿಂದ ಬಂದಿರುತ್ತದೆ. ಎದುರಾಬದುರಾಗುವಾಗ ವೇಗವೂ ಕೂಡುತ್ತದೆ. ಹಿಂದಿನಿಂದ ಬರುವ 50ರ ಕಾರು 15ರ ಸೈಕಲ್ಲನ್ನು 35ರ ವೇಗದಲ್ಲಿ ಸಮೀಪಿಸಿದರೆ, ಎದುರಿನಿಂದ 65ರಲ್ಲಿ. ಸೈಕಲ್ಲಿಗೆ ಲೈಸೆನ್ಸ್ ಬೇಡ, ಇನ್ಶೂರೆನ್ಸ್ ಬೇಡ, ಆದರೆ ರಸ್ತೆಯ ದಿಕ್ಕು ಎಲ್ಲರಿಗೂ ಒಂದೇ. ಹೋಗಲೇಬೇಕಿದ್ದರೆ ಇಳಿದು ಬದಿಯಲ್ಲಿ ತಳ್ಳಿಕೊಂಡು ಹೋಗಿ. ಚಾಲಕರು ಸೇರಿಕೊಳ್ಳುವ ಮುನ್ನ ಎಡಕ್ಕೂ ಒಮ್ಮೆ ಕಣ್ಣು ಹಾಯಿಸಲಿ, ನಿಯಮ ಮುರಿದವರಾದರೂ ಬದುಕಲಿ.

ಸೈಕಲ್ಲಿಗೇ ಬೇರೆ ದಾರಿ ಕೊಟ್ಟರಾಯಿತಲ್ಲ ಎನ್ನುವವರಿದ್ದಾರೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಗೂಟ ನೆಟ್ಟು ಸೈಕಲ್ ಪಥ ಮಾಡಿದರು. ಬೈಕುಗಳು ಅದರೊಳಗೆ ನುಗ್ಗಿದವು, ಗೂಟಗಳು ಮುರಿದವು. ಗೂಟ ಗಟ್ಟಿಯಾಗಿ ನಿಂತಿದ್ದರೂ ಸರ್ಕಲ್ಲಿನಲ್ಲಿ, ಬಸ್ ಸ್ಟಾಪಿನಲ್ಲಿ ಪಥ ತುಂಡಾಗಲೇಬೇಕು, ಅಪಾಯ ಇರುವುದೂ ಅಲ್ಲಿಯೇ. ಪಥ ಬೇಕು, ನಾನಂತೂ ಕೇಳುವುದನ್ನು ಬಿಡುವುದಿಲ್ಲ. ಆದರೆ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಹಂಚಿದ ಸೈಕಲ್ಲುಗಳು ಓಡಿದ್ದು ಪಥವಿಲ್ಲದ ರಸ್ತೆಗಳಲ್ಲೇ, ಇನ್ನೂ ಬಹಳ ವರ್ಷ ಹಾಗೆಯೇ ಓಡುತ್ತವೆ.

ಪಟ್ಟಣದ ಕಾರಿನವರಿಗೆ ಒಂದೇ ವಿಷಯ. ನಿಲ್ಲಿಸಿದ ಕಾರಿನ ಬಾಗಿಲನ್ನು ಬಲಗೈಯಲ್ಲಿ ತೆಗೆಯಬೇಡಿ, ಎಡಗೈಯಲ್ಲಿ ತೆಗೆಯಿರಿ. ಎಡಗೈ ಬಲಬಾಗಿಲಿಗೆ ಚಾಚಿದರೆ ಮೈ ತಾನಾಗಿ ತಿರುಗುತ್ತದೆ, ಹಿಂದಿನಿಂದ ಬರುವ ಸೈಕಲ್ಲು ಕಾಣುತ್ತದೆ. ಬಾಗಿಲು ಪೂರ್ತಿ ತೆರೆದರೆ ಸುಮಾರು ಒಂದು ಮೀಟರ್ ಹೊರಬರುತ್ತದೆ, ಸೈಕಲ್ಲಿನವರು ಸಾಲಾಗಿ ನಿಂತ ಕಾರುಗಳಿಂದ ಅದಕ್ಕಿಂತ ಸ್ವಲ್ಪ ಹೆಚ್ಚೇ ದೂರ ಇರಲಿ.

ಅಪಘಾತ ಕಂಡರೆ 108ಕ್ಕೋ 112ಕ್ಕೋ ಫೋನ್ ಮಾಡಿ. ಕತ್ತು, ಬೆನ್ನಿಗೆ ಪೆಟ್ಟಾಗಿರುವ ಹಾಗಿದ್ದರೆ ಮಡಚಿ ಎತ್ತಬೇಡಿ, ರಕ್ತ ಸುರಿಯುತ್ತಿದ್ದರೆ ಬಟ್ಟೆ ಒತ್ತಿ ಹಿಡಿಯಿರಿ. ನೆರವಾದವರನ್ನು ಕಾಡಿಸಬಾರದು ಎಂದು 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ಹೇಳುತ್ತದೆ. ಮೋಟಾರು ವಾಹನದಿಂದ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ಹಣ ಕಟ್ಟದೆ ಚಿಕಿತ್ಸೆ ಕೊಡುವ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ. ಗುದ್ದಿ ಓಡಿದ ವಾಹನ ಪತ್ತೆಯಾಗದಿದ್ದರೆ ಸತ್ತವರ ಮನೆಯವರಿಗೆ ಎರಡು ಲಕ್ಷ, ತೀವ್ರ ಗಾಯವಾದವರಿಗೆ ಐವತ್ತು ಸಾವಿರ ಪರಿಹಾರವಿದೆ. ಸೈಕಲ್ಲಿನವರಿಗೂ ಇವು ಸಲ್ಲುತ್ತವೆ.

ಕೊನೆಗೆ ಬಂದ ಪ್ರಶ್ನೆಗಳು

"ನಮ್ಮ ಹುಡುಗಿ ಸೈಕಲ್ಲಿಗೆ ರಾಡ್ ಬ್ರೇಕು. ಮಳೇಲಿ ನಿಲ್ಲೋದೇ ಇಲ್ಲ ಅಂತಾಳೆ" ಎಂದು ತಾಯಿಯೊಬ್ಬರು ಕೇಳಿದರು. ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರಿಗೆ ಹಿಡಿತ ಸಿಗುವುದಿಲ್ಲ, ಅದು ಸಹಜ. ನಿಲ್ಲಬೇಕಾದ ಜಾಗಕ್ಕೆ ಇಪ್ಪತ್ತು ಮೀಟರ್ ಇರುವಾಗಲೇ ಬ್ರೇಕನ್ನು ಮೆಲ್ಲಗೆ ಹಿಡಿದು ಬಿಡಬೇಕು, ರಬ್ಬರ್ ಉಜ್ಜಿ ರಿಮ್ಮಿನ ನೀರು ಒರೆಸಿದಂತಾಗುತ್ತದೆ. ಆಮೇಲೆ ಗಟ್ಟಿಯಾಗಿ ಹಿಡಿದರೆ ನಿಲ್ಲುತ್ತದೆ. ರಬ್ಬರ್ ಸವೆದು ಮೂರು ಮಿಲಿಮೀಟರ್ ಉಳಿದಿದ್ದರೆ ಬದಲಿಸಿ. ಲಿವರನ್ನು ಪೂರ್ತಿ ಅದುಮಿದಾಗ ಹಿಡಿಗೆ ತಾಗುತ್ತಿದ್ದರೆ ರಾಡಿನ ಬೋಲ್ಟು ಬಿಗಿಸಿಸಿ. ರಿಮ್ಮಿಗೆ ಎಣ್ಣೆ ತಾಗದಿರಲಿ, ಚೈನಿಗೆ ಹಾಕುವಾಗ ಚೆಲ್ಲುವುದುಂಟು. ಕ್ಯಾರಿಯರ್ ಮೇಲೆ ಗೆಳತಿಯನ್ನು ಕೂರಿಸಿಕೊಂಡರೆ ಇದೇ ಬ್ರೇಕು ಎರಡು ಪಟ್ಟು ಭಾರ ನಿಲ್ಲಿಸಬೇಕು, ಲಂಗವೋ ವೇಲೋ ಕಡ್ಡಿಗೆ ಸಿಕ್ಕುವುದು ಬೇರೆ. ಮಳೆಯ ದಿನ ಒಬ್ಬರೇ ಬರಲಿ.

ಬಸ್ ಚಾಲಕರೊಬ್ಬರ ಪ್ರಶ್ನೆ: "ಹತ್ತು ಹನ್ನೆರಡು ಮಕ್ಕಳು ಮಾತಾಡ್ತಾ ಅಕ್ಕಪಕ್ಕ ಬರ್ತಾರೆ ಸಾರ್. ಎಷ್ಟು ಹೊತ್ತು ಹಿಂದೆ ಇರೋದು?" ಆರು ಸೈಕಲ್ಲು ಒಂದರ ಹಿಂದೆ ಒಂದು ಹೋದರೆ ಸಾಲು ಮೂವತ್ತು ಮೀಟರ್. 40ರಲ್ಲಿ ಹೋಗುವ ಬಸ್ಸು ಅದನ್ನು ದಾಟಿ ಎಡಕ್ಕೆ ಬರಲು ಒಂಬತ್ತು ಸೆಕೆಂಡು, ಅಷ್ಟರಲ್ಲಿ ಬಸ್ಸು ನೂರು ಮೀಟರ್, ಎದುರಿನ 60ರ ವಾಹನ ನೂರೈವತ್ತು ಮೀಟರ್ ಬಂದಿರುತ್ತದೆ. ಕಾಲು ಕಿಲೋಮೀಟರ್ ಖಾಲಿ ಕಾಣದೆ ದಾಟಬಾರದು. ಹನ್ನೆರಡು ಜನರ ಒಂದೇ ಸಾಲಾದರೆ ಇದು ಆಗದ ಮಾತು. ಅದಕ್ಕೆ ಮಕ್ಕಳು ಐದಾರು ಜನರ ಗುಂಪಾಗಿ ಒಡೆಯಲಿ, ಎರಡು ಗುಂಪಿನ ನಡುವೆ ಬಸ್ಸು ಎಡಕ್ಕೆ ಬಂದು ಕಾಯುವಷ್ಟು, ಮೂವತ್ತು ನಲವತ್ತು ಮೀಟರ್ ಅಂತರ ಇರಲಿ. ಪ್ರತಿ ಗುಂಪಿನ ಕೊನೆಗೆ ದೊಡ್ಡ ಮಗು, ಎಲ್ಲರಿಗಿಂತ ಮುಂದೆ ನಿಧಾನವಾಗಿ ತುಳಿಯುವ ಮಗು. ದೂರದಿಂದ ಚಿಕ್ಕ ಹಾರ್ನ್ ಕೇಳಿದ ಕೂಡಲೇ ಕೊನೆಯವಳು "ಬಸ್ಸು!" ಎಂದು ಕೂಗಬೇಕು, ಮುಂದಿನವಳಿಂದ ಮುಂದಿನವಳಿಗೆ ಅದು ದಾಟಿ ಮೊದಲನೆಯವಳು "ಹೂಂ" ಎನ್ನುವಷ್ಟರಲ್ಲಿ ಎಲ್ಲರೂ ಒಂದೇ ಸಾಲಿಗೆ ಬಂದಿರಬೇಕು.